ಮನೆಯೊಳಗಿನ ಟಾಕೀಸು: ಮೊದಲು ಕೊಳ್ಳಬೇಕಾದುದೇನು?

ಬೆಂಗಳೂರು ದಂಡಿನ ಹಳೆಯ ನಿವಾಸಿಗಳನ್ನು ಮಾತಿಗೆಳೆದರೆ ಚಿತ್ರಮಂದಿರಗಳ ಹೆಸರುಗಳು ಒಂದರ ಹಿಂದೊಂದು ಹೊರಬರುತ್ತವೆ. 1936ರಲ್ಲಿ ಆರಂಭವಾದ ಪ್ಲಾಜಾ, ಬ್ರಿಗೇಡ್ ರಸ್ತೆಯ ರೆಕ್ಸ್, ಹಲಸೂರಿಗೆ ತಿರುಗುವಲ್ಲಿದ್ದ ಲಿಡೋ. ಪ್ಲಾಜಾ ಇದ್ದ ಜಾಗದಲ್ಲಿ ಇಂದು ಮಹಾತ್ಮಾ ಗಾಂಧಿ ರಸ್ತೆಯ ಮೆಟ್ರೋ ನಿಲ್ದಾಣವಿದೆ. ಲಿಡೋ ಇದ್ದೆಡೆ ಬಹುಮಹಡಿಯ ಮಾಲು ಎದ್ದು ನಿಂತಿದೆ. ರೆಕ್ಸ್ 2018ರ ಕೊನೆಯ ದಿನ ಕೊನೆಯ ಆಟವನ್ನು ತೋರಿಸಿ ಬಾಗಿಲು ಮುಚ್ಚಿತು. ನಡೆದು ಹೋಗಿ ಟಿಕೆಟು ಕೊಂಡು ಚಿತ್ರ ನೋಡಿ ಬರುತ್ತಿದ್ದ ಹಿರಿಯರಿಗೆ ಈಗ ಮಾಲಿನ ಮೇಲಂತಸ್ತಿನವರೆಗೆ ಹತ್ತುವ ಉತ್ಸಾಹವೂ ಇಲ್ಲ, ಅಲ್ಲಿನ ಟಿಕೆಟಿನ ದರಕ್ಕೆ ಮನಸ್ಸೂ ಒಪ್ಪುವುದಿಲ್ಲ. ಹೀಗಾಗಿ ಚಿತ್ರಮಂದಿರವೇ ಮನೆಗೆ ಬರಬೇಕಾಗಿದೆ. ಅಂಗಡಿಯವರು ಅದಕ್ಕೆ ‘ಹೋಂ ಥಿಯೇಟರ್’ ಎಂದು ಹೆಸರಿಟ್ಟು, ಪೆಟ್ಟಿಗೆಯಲ್ಲಿ ತುಂಬಿ ಮಾರುತ್ತಿದ್ದಾರೆ.

ಈ ಪೆಟ್ಟಿಗೆಯನ್ನು ಮೊದಲ ಬಾರಿ ಕೊಳ್ಳಹೊರಟವರಿಗೆ ಎದುರಾಗುವ ತೊಡಕು ಸಣ್ಣದಲ್ಲ. ಐದು ಪೆಟ್ಟಿಗೆಯದು ಬೇಕೋ ಏಳರದು ಬೇಕೋ? ಸಾವಿರ ವ್ಯಾಟಿನದೋ ಎರಡು ಸಾವಿರದ್ದೋ? ಉದ್ದ ಕೋಲಿನಂಥ ಸೌಂಡ್‌ಬಾರ್ ಸಾಕೇ? ಇಂದಿರಾನಗರದ ನೂರಡಿ ರಸ್ತೆಯಲ್ಲಿ ನಾಲ್ಕು ಮಳಿಗೆ ಹತ್ತಿಳಿದರೆ ನಾಲ್ಕು ಬಗೆಯ ಉತ್ತರ ದೊರೆಯುತ್ತದೆ. ಇವೆಲ್ಲಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಮನೆಯಲ್ಲಿ ಮಾತು ಕೇಳಿಸದೆ ಕಷ್ಟಪಡುತ್ತಿರುವವರು ಯಾರಾದರೂ ಇದ್ದಾರೆಯೇ?

ಹಲಸೂರಿನ ಒಂದು ಓಣಿಯ ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಲಿ. ನಡುಮನೆ 10 ಅಡಿ ಅಗಲ, 12 ಅಡಿ ಉದ್ದ. ನೆಲಕ್ಕೆ ನುಣುಪಾದ ಟೈಲ್ಸು, ಬರಿಯ ಗೋಡೆ, ಬೀದಿಯ ಕಡೆಗೊಂದು ಕಿಟಕಿ. ಗೋಡೆಯ ಮೇಲೆ 55 ಅಂಗುಲದ ಹೊಸ ಟಿ.ವಿ. ಮಾವನವರು ಎಪ್ಪತ್ತು ದಾಟಿದವರು. ಕಾರ್ಖಾನೆಯ ಕೆಲಸದಿಂದ ನಿವೃತ್ತರಾದವರು. ಚಿತ್ರ ನಡೆಯುತ್ತಿರುವಾಗ, “ಏನಂದಳಮ್ಮಾ ಆಕೆ?” ಎಂದು ಸೊಸೆಯನ್ನು ಕೇಳುತ್ತಾರೆ. ಸೊಸೆ ಹೇಳುತ್ತಾಳೆ. ಎರಡು ನಿಮಿಷದ ಮೇಲೆ ಮತ್ತೆ ಅದೇ ಪ್ರಶ್ನೆ. ಮೂರನೆಯ ಸಲ ಕೇಳಲು ಅವರಿಗೇ ಸಂಕೋಚ. ಕೆಲವು ದಿನಗಳಾದ ಮೇಲೆ ಊಟ ಮುಗಿದೊಡನೆ, “ನಿದ್ದೆ ಬರುತ್ತಿದೆ” ಎಂದು ಕೋಣೆಗೆ ಹೊರಟುಬಿಡುತ್ತಾರೆ. ನಿದ್ದೆಯೇನೂ ಬಂದಿರುವುದಿಲ್ಲ. ಮಗ ಇದನ್ನು ಗಮನಿಸಿ, ಹೋಂ ಥಿಯೇಟರ್ ತಂದರೆ ಸರಿಹೋದೀತೆಂದು ದುಡ್ಡು ಕೂಡಿಸುತ್ತಾನೆ. ಆ ದುಡ್ಡಿನಲ್ಲಿ ಅವನು ತರುವುದು ಯಾವುದು ಎಂಬುದರ ಮೇಲೆ ಮಾವನವರು ನಡುಮನೆಗೆ ಮರಳುವರೋ ಇಲ್ಲವೋ ಎಂಬುದು ನಿಂತಿದೆ.

ಮಾತು ಎಲ್ಲಿದೆ?

ನಮ್ಮ ಜನ ಚಿತ್ರಮಂದಿರವನ್ನು ‘ಟಾಕೀಸು’ ಎಂದು ಕರೆದರು. ಮಾತನಾಡುವ ಚಿತ್ರ ಎಂಬುದೇ ಆ ಹೆಸರಿನ ಮೂಲ. 1934ರಲ್ಲಿ ‘ಸತಿ ಸುಲೋಚನಾ’ ತೆರೆಕಂಡಾಗ ಹೊಸತಾಗಿದ್ದುದು ಚಿತ್ರ ಚಲಿಸುವುದಲ್ಲ, ಅದು ಕನ್ನಡದಲ್ಲಿ ಮಾತನಾಡುವುದು. ಮನೆಯೊಳಗಿನ ಟಾಕೀಸಿಗೂ ಮಾತೇ ಮೊದಲ ಪರೀಕ್ಷೆಯಾಗಬೇಕು.

ಮಾತಿನ ತಿರುಳು ಧ್ವನಿಯ ಯಾವ ಭಾಗದಲ್ಲಿ ಅಡಗಿದೆ ಎಂಬುದಕ್ಕೆ ದೃಷ್ಟಾಂತ ನಮ್ಮ ಪೂರ್ವ ಬೆಂಗಳೂರಿನಲ್ಲಿಯೇ ಇದೆ. ಕೆ.ಆರ್. ಪುರದ ದಾರಿಯಲ್ಲಿರುವ ದೂರವಾಣಿನಗರಕ್ಕೆ ಆ ಹೆಸರು ಬಂದುದು ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಿಂದ. ಅದು 1948ರಲ್ಲಿ ಆರಂಭವಾಯಿತು. ಆ ಕಾಲದ ದೂರವಾಣಿ ವ್ಯವಸ್ಥೆ ಸಾಗಿಸುತ್ತಿದ್ದುದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ. ಎಂದರೆ, ಸೆಕೆಂಡಿಗೆ ಅಷ್ಟು ಸಲ ಕಂಪಿಸುವ ಧ್ವನಿ. ನಮ್ಮ ಕಿವಿ ಯೌವನದಲ್ಲಿ 20ರಿಂದ 20,000ದವರೆಗೆ ಕೇಳಬಲ್ಲುದು. ಅಷ್ಟು ದೊಡ್ಡ ವ್ಯಾಪ್ತಿಯಿಂದ ಚಿಕ್ಕದೊಂದು ತುಂಡನ್ನು ಕತ್ತರಿಸಿ ಕಳುಹಿಸಿದರೂ ಮದರಾಸಿನಲ್ಲಿದ್ದ ಮಗಳ ಮಾತು ಹಲಸೂರಿನ ತಾಯಿಗೆ ತಿಳಿಯುತ್ತಿತ್ತು. ಎದೆ ನಡುಗಿಸುವ ಮಂದ್ರಧ್ವನಿ ಅದರಲ್ಲಿ ಲವಲೇಶವೂ ಇರಲಿಲ್ಲ. ಆದರೆ ಆ ದೂರವಾಣಿಯಲ್ಲಿ ಹೆಸರು ಹೇಳುವಾಗ ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಬೇಕಾಗುತ್ತಿದ್ದುದೂ ಉಂಟು. ಕಾರಣವೇನೆಂದರೆ, ಸಕಾರದ ಸಪ್ಪಳ ಬಹುಮಟ್ಟಿಗೆ 4,000 ಹರ್ಟ್ಸ್‌ಗಿಂತ ಮೇಲಿನದು. ತಂತಿ ಅದನ್ನು ಒಯ್ಯುತ್ತಿರಲಿಲ್ಲ.

ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಈ ತಾರಸ್ಥಾಯಿಯನ್ನೇ. ಸ್ವರಗಳು ಕೇಳಿಸುತ್ತವೆ, ವ್ಯಂಜನಗಳು ಜಾರಿಹೋಗುತ್ತವೆ. ‘ಕಪ್ಪು’ ಎಂದರೋ ‘ತಪ್ಪು’ ಎಂದರೋ, ‘ಕಲ್ಲು’ ಎಂದರೋ ‘ಹಲ್ಲು’ ಎಂದರೋ ತಿಳಿಯದು. “ಕೇಳಿಸುತ್ತದೆ, ಆದರೆ ಅರ್ಥವಾಗುವುದಿಲ್ಲ” ಎಂದು ಹಿರಿಯರು ಹೇಳುವುದು ಹಟದಿಂದಲ್ಲ. ಅವರಿಗಾಗುತ್ತಿರುವುದನ್ನು ಅವರು ಸರಿಯಾಗಿಯೇ ಹೇಳುತ್ತಿದ್ದಾರೆ. ಇಂಥ ಕಿವಿಗೆ ಧ್ವನಿಯನ್ನು ಒಟ್ಟಾರೆ ಏರಿಸಿದರೆ ಪ್ರಯೋಜನ ಸ್ವಲ್ಪ. ಮಂದ್ರವನ್ನು ಮಾತ್ರ ಏರಿಸಿದರಂತೂ ಕೆಡುಕೇ ಹೆಚ್ಚು. ಬಲವಾದ ಮಂದ್ರಧ್ವನಿ ತನಗಿಂತ ಮೇಲಿನ ಸಣ್ಣ ಧ್ವನಿಗಳನ್ನು ಮುಚ್ಚಿಹಾಕುವುದು ಕಿವಿಯ ರಚನೆಗೇ ಸೇರಿದ ಗುಣ. ಅಗ್ಗದ ಪೆಟ್ಟಿಗೆಗಳಲ್ಲಿ ಆಕರ್ಷಣೆಯೆಂದು ಮುಂದಿಡುವ ದೊಡ್ಡ ಸಬ್‌ವೂಫರ್ ಮಾಡುವುದು ಇದೇ ಕೆಲಸವನ್ನು.

ದಂಡಿನ ಪ್ರದೇಶಕ್ಕೆ ಇನ್ನೊಂದು ವಿಶೇಷವಿದೆ. ಶಿವಾಜಿನಗರದಿಂದ ಹಲಸೂರಿನವರೆಗೆ ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು ಮನೆಮಾತಿನವರಿದ್ದಾರೆ. ಒಂದೇ ಮನೆಯಲ್ಲಿಯೂ ಎರಡು ಭಾಷೆಗಳಿರುವುದುಂಟು. ಮನೆಮಾತಲ್ಲದ ಭಾಷೆಯ ಚಿತ್ರವನ್ನು ನೋಡುವಾಗ ಅರ್ಧ ಕೇಳಿಸಿದ ಪದವನ್ನು ಮನಸ್ಸು ತಾನೇ ತುಂಬಿಕೊಳ್ಳಲಾರದು. ಮಾತು ಸ್ಪಷ್ಟವಿಲ್ಲದಿದ್ದರೆ ಅಂಥವರು ಇತರರಿಗಿಂತ ಬೇಗ ಸೋಲುತ್ತಾರೆ.

ನಡುವಿನ ಪೆಟ್ಟಿಗೆ

ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲುಮ್ಲೈನ್ ತನ್ನ ಭಾವೀ ಪತ್ನಿಯೊಡನೆ ಚಿತ್ರ ನೋಡುತ್ತಿದ್ದಾಗ, ನಟ ಪರದೆಯ ಈ ಅಂಚಿನಿಂದ ಆ ಅಂಚಿಗೆ ನಡೆದುಹೋದರೂ ಅವನ ದನಿ ಒಂದೇ ಕಡೆಯಿಂದ ಬರುತ್ತಿದ್ದುದು ಆತನಿಗೆ ಸರಿಕಾಣಲಿಲ್ಲವಂತೆ. 1931ರಲ್ಲಿ ಆತ ಅರ್ಜಿ ಸಲ್ಲಿಸಿದ ಹಕ್ಕುಪತ್ರವೇ ಇಂದಿನ ಸ್ಟೀರಿಯೋ ಪದ್ಧತಿಗೆ ಅಡಿಗಲ್ಲು. ಎಡಬಲಗಳ ಎರಡು ಧ್ವನಿವರ್ಧಕಗಳು ಸಮನಾಗಿ ನುಡಿದಾಗ ದನಿ ನಟ್ಟನಡುವಿನಿಂದ ಬಂದಂತೆ ತೋರುತ್ತದೆ. ಆದರೆ ಈ ಮಾಯೆ ನಿಲ್ಲುವುದು ನಡುವೆ ಕುಳಿತವನಿಗೆ ಮಾತ್ರ. ಬದಿಯ ಕುರ್ಚಿಯಲ್ಲಿದ್ದವನಿಗೆ ದನಿ ಹತ್ತಿರದ ಪೆಟ್ಟಿಗೆಗೆ ಓಡಿಹೋಗುತ್ತದೆ. ಇದನ್ನು ತಪ್ಪಿಸಲು ಚಿತ್ರಮಂದಿರಗಳಲ್ಲಿ ಪರದೆಯ ಹಿಂದೆ ನಡುವೆಯೇ ಒಂದು ಧ್ವನಿವರ್ಧಕವನ್ನಿಟ್ಟು ಮಾತನ್ನೆಲ್ಲ ಅದಕ್ಕೆ ವಹಿಸಿದರು.

‘5.1’ ಎಂಬ ಸಂಕೇತದ ಅರ್ಥವೂ ಇದರಿಂದಲೇ ತಿಳಿಯುತ್ತದೆ. ಮುಂದೆ ಎಡ, ನಡು, ಬಲ, ಕುಳಿತವರ ಬದಿಗಳಲ್ಲಿ ಸ್ವಲ್ಪ ಹಿಂದಕ್ಕೆ ಎರಡು, ಒಟ್ಟು ಐದು. ಚುಕ್ಕೆಯ ಮುಂದಿನ ಒಂದು ಎಂದರೆ 120 ಹರ್ಟ್ಸ್‌ಗಿಂತ ಕೆಳಗಿನ ಗುಡುಗು ಸಿಡಿಲುಗಳಿಗೆ ಮೀಸಲಾದ ಸಬ್‌ವೂಫರ್. ಚಿತ್ರದ ಸಂಭಾಷಣೆಯ ಬಹುಪಾಲು ನಡುವಿನ ಪೆಟ್ಟಿಗೆಯಿಂದಲೇ ಬರುತ್ತದೆ. ಹೀಗಿರುವಾಗ ಅಗ್ಗದ ಜೋಡಣೆಗಳಲ್ಲಿ ಎಲ್ಲಕ್ಕಿಂತ ಸಣ್ಣದೂ ಪೊಳ್ಳೂ ಆದ ಪೆಟ್ಟಿಗೆ ಯಾವುದೆಂದು ಎತ್ತಿ ನೋಡಿದರೆ, ಹಲವು ಸಲ ಅದು ನಡುವಿನದೇ ಆಗಿರುತ್ತದೆ!

ಆದುದರಿಂದ ಹೊಸಬರಿಗೆ ನನ್ನ ಸಲಹೆ ಹೀಗಿದೆ. ಕೂಡಿಸಿದ ಹಣ ಚಿಕ್ಕದಾಗಿದ್ದರೆ, ನಡುವೆ ಪ್ರತ್ಯೇಕ ಧ್ವನಿವರ್ಧಕವಿರುವ ಸೌಂಡ್‌ಬಾರನ್ನು ಕೊಳ್ಳಬಹುದು. ‘3.1’ ಎಂದು ಬರೆದಿದ್ದರೆ ನಡುವಿನದು ಇದೆ ಎಂದು ಅರ್ಥ, ‘2.1’ ಎಂದಿದ್ದರೆ ಇಲ್ಲ. ಅಗ್ಗದ ಐದು ಪೆಟ್ಟಿಗೆಗಳ ಜೋಡಣೆಗಿಂತ ಇದು ಮೇಲು. ಹಣ ಸ್ವಲ್ಪ ಹೆಚ್ಚಿದ್ದರೆ, ಐದು ಚಾನಲುಗಳ ರಿಸೀವರೊಂದನ್ನೂ ಎರಡು ಒಳ್ಳೆಯ ಧ್ವನಿವರ್ಧಕಗಳನ್ನೂ ಮಾತ್ರ ಮೊದಲು ತರಬೇಕು. ಆರು ತಿಂಗಳೋ ವರುಷವೋ ಕಳೆದ ಮೇಲೆ ಅದೇ ತಯಾರಕರ ಅದೇ ಶ್ರೇಣಿಯ ನಡುವಿನ ಪೆಟ್ಟಿಗೆ. ಬದಿಯವು, ಸಬ್‌ವೂಫರ್ ಎಲ್ಲಕ್ಕೂ ಕೊನೆ. ಅಡಿಗೆ ಮನೆಗೆ ಪಾತ್ರೆಗಳನ್ನು ಒಂದೊಂದಾಗಿ ಕೂಡಿಸಿಕೊಳ್ಳುವ ಗೃಹಿಣಿಗೆ ಈ ಕ್ರಮವನ್ನು ವಿವರಿಸಿ ಹೇಳಬೇಕಾಗಿಲ್ಲ. ಅಂಗಡಿಯವರಿಗೆ ಮಾತ್ರ ಇದು ರುಚಿಸದು.

ವ್ಯಾಟುಗಳ ಮೋಹ

‘2,000 ವ್ಯಾಟ್’ ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಅದರ ಪಕ್ಕದಲ್ಲಿ ‘ಪಿ.ಎಂ.ಪಿ.ಓ.’ ಎಂಬ ನಾಲ್ಕಕ್ಷರಗಳಿದ್ದರೆ ಆ ಸಂಖ್ಯೆಯನ್ನು ಮರೆತುಬಿಡುವುದೇ ಲೇಸು. ಅದಕ್ಕೆ ಒಪ್ಪಿತವಾದ ಅಳತೆಗೋಲೇ ಇಲ್ಲ. ‘ಆರ್.ಎಂ.ಎಸ್.’ ಎಂದು ಬರೆದ ಸಂಖ್ಯೆಯನ್ನು ನೋಡಬೇಕು. ಅದನ್ನೂ ಅತಿಯಾಗಿ ನೆಚ್ಚಬೇಕಾಗಿಲ್ಲ. 50 ವ್ಯಾಟಿನಿಂದ 100 ವ್ಯಾಟಿಗೆ ಏರಿದರೆ ಧ್ವನಿ ಇಮ್ಮಡಿಯಾಗುವುದಿಲ್ಲ. 3 ಡೆಸಿಬಲ್ ಮಾತ್ರ ಹೆಚ್ಚುತ್ತದೆ. ಅದು ಗಮನವಿಟ್ಟು ಕೇಳಿದರೆ ತಿಳಿಯುವಷ್ಟು ವ್ಯತ್ಯಾಸ.

ಲೆಕ್ಕವನ್ನು ಮನೆಯಲ್ಲಿಯೇ ಮಾಡಬಹುದು. ಧ್ವನಿವರ್ಧಕದ ವಿವರಪತ್ರದಲ್ಲಿ ‘ಸೆನ್ಸಿಟಿವಿಟಿ 87’ ಎಂದಿದ್ದರೆ, ಒಂದು ವ್ಯಾಟಿಗೆ ಒಂದು ಮೀಟರು ದೂರದಲ್ಲಿ 87 ಡೆಸಿಬಲ್ ಬರುತ್ತದೆ ಎಂದು ತಿಳಿಯಬೇಕು. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ 6 ಡೆಸಿಬಲ್ ಇಳಿಯುತ್ತದೆ. ಕೋಣೆಯಲ್ಲಿ ಅಷ್ಟೂ ಇಳಿಯುವುದಿಲ್ಲ. ಹತ್ತಡಿ ದೂರದಲ್ಲಿ ಕುಳಿತವರಿಗೆ ಒಂದೇ ಒಂದು ವ್ಯಾಟಿನಿಂದ 77 ಡೆಸಿಬಲಿಗೂ ಹೆಚ್ಚು ಮುಟ್ಟುತ್ತದೆ. ನಾವು ಎದುರುಬದರಾಗಿ ಆಡುವ ಮಾತು ಸುಮಾರು 60 ಡೆಸಿಬಲ್. ಎಂದ ಮೇಲೆ ನಮ್ಮ ಹಲಸೂರಿನ ನಡುಮನೆಗೆ ಎರಡು ಸಾವಿರ ವ್ಯಾಟಿನ ಗೊಡವೆ ಏಕೆ?

ಅರ್ಧ ಖರೀದಿ ಕಮರ್ಷಿಯಲ್ ಸ್ಟ್ರೀಟಿನಲ್ಲಿ

ಎಷ್ಟು ಬೆಲೆಯ ಯಂತ್ರ ತಂದರೂ ಕೇಳುವುದು ಕೋಣೆಯ ಮೂಲಕವೇ. ನಡುಮನೆಯಲ್ಲಿ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ ನೋಡಿ. ‘ಟಣ್’ ಎಂಬ ನಾದ ಹಿಂದೆಯೇ ತೂಗಾಡಿದರೆ, ಗೋಡೆ ನೆಲಗಳು ಧ್ವನಿಯನ್ನು ಚೆಂಡಿನಂತೆ ಎಸೆದಾಡುತ್ತಿವೆ ಎಂದು ತಿಳಿಯಬೇಕು. ಒಂದು ಅಕ್ಷರದ ಮರುದನಿ ಮುಂದಿನ ಅಕ್ಷರದ ಮೇಲೆ ಬಿದ್ದು ಮಾತು ಕಲಸಿಹೋಗುತ್ತದೆ. ನಮ್ಮ ಈಚಿನ ಮನೆಗಳ ಟೈಲ್ಸು, ಗ್ರಾನೈಟು, ಗಾಜುಗಳು ಕಣ್ಣಿಗೆ ಎಷ್ಟು ಒಳ್ಳೆಯವೋ ಕಿವಿಗೆ ಅಷ್ಟು ಕೆಟ್ಟವು.

ಇದಕ್ಕೆ ಮದ್ದು ಯಂತ್ರದಂಗಡಿಯಲ್ಲಿಲ್ಲ, ಬಟ್ಟೆಯಂಗಡಿಯಲ್ಲಿದೆ. ಕಿಟಕಿಯ ಅಗಲಕ್ಕಿಂತ ಇಮ್ಮಡಿ ಬಟ್ಟೆ ಹಿಡಿದು ಹೊಲಿಸಿದ, ನೆರಿಗೆ ನೆರಿಗೆಯಾಗಿ ಇಳಿಬೀಳುವ ದಪ್ಪ ಪರದೆ, ಟಿ.ವಿ. ಮತ್ತು ಸೋಫಾದ ನಡುವೆ ದಪ್ಪನೆಯ ಕಾರ್ಪೆಟ್ಟು. ತೆಳು ಜಮಖಾನ ತಾರಧ್ವನಿಯನ್ನು ಮಾತ್ರ ಸ್ವಲ್ಪ ಹೀರುತ್ತದೆ. ಅದರ ಕೆಳಗೊಂದು ಹಳೆಯ ಕಂಬಳಿ ಹಾಸಿದರೆ ಉತ್ತಮ. ಹಿಂದಿನ ಗೋಡೆಗೆ ಪುಸ್ತಕದ ಕಪಾಟು. ಶಿವಾಜಿನಗರದ ಪೇಟೆಯಲ್ಲಿ ಒಂದು ಮಧ್ಯಾಹ್ನ ತಿರುಗಿದರೆ ಇಷ್ಟೂ ಒದಗುತ್ತವೆ, ಚೌಕಾಸಿಯ ಸುಖವೂ ಸಿಗುತ್ತದೆ. ಇಂದಿರಾನಗರದ ಸಿ.ಎಂ.ಎಚ್. ರಸ್ತೆಯ ಆಸುಪಾಸಿನಲ್ಲಿ, 2011ರ ಅಕ್ಟೋಬರಿನಿಂದ ಮೆಟ್ರೋ ತಲೆಯ ಮೇಲೆ ಓಡಾಡುತ್ತಿರುವೆಡೆ ವಾಸಿಸುವವರು ಕಿಟಕಿಯ ಸಂದುಗಳನ್ನು ರಬ್ಬರು ಪಟ್ಟಿಯಿಂದ ಮುಚ್ಚಿಸಿದರೆ ಇನ್ನೂ ಒಳ್ಳೆಯದು. ಹೊರಗಿನ ಸದ್ದು ತಗ್ಗಿದಷ್ಟೂ ಒಳಗಿನ ಮಾತನ್ನು ಏರಿಸುವ ಅಗತ್ಯ ತಗ್ಗುತ್ತದೆ.

ಕೋಣೆಯ ಅಳತೆಗೂ ಒಂದು ಚೇಷ್ಟೆಯಿದೆ. ಎದುರುಬದಿರಿನ ಗೋಡೆಗಳ ನಡುವೆ ಧ್ವನಿಯ ಅಲೆ ಸಿಲುಕಿ ನಿಲ್ಲುವುದುಂಟು. 12 ಅಡಿಯ ಉದ್ದಕ್ಕೆ ಅದು ಸುಮಾರು 47 ಹರ್ಟ್ಸ್. 10 ಅಡಿಯ ಅಗಲಕ್ಕೆ 56. ಚಾವಣಿಯ ಎತ್ತರವೂ 10 ಅಡಿಯೇ ಆದರೆ ಮತ್ತೆ 56. ಎರಡು ಅಲೆಗಳು ಒಂದೇ ಸ್ಥಾನದಲ್ಲಿ ಕೂಡಿಕೊಂಡು ಮೂಲೆಯಲ್ಲಿ ಕುಳಿತವನ ಕಿವಿಯಲ್ಲಿ ‘ಗುಂಯ್’ ಎನ್ನುತ್ತವೆ, ನಡುವೆ ಕುಳಿತವನಿಗೆ ಏನೂ ಕೇಳಿಸುವುದಿಲ್ಲ. ಸಬ್‌ವೂಫರ್ ಕೊಂಡವರು ಅದನ್ನು ಇಡುವ ಜಾಗ ಹುಡುಕಲು ಒಂದು ವಿನೋದದ ಉಪಾಯವುಂಟು. ಅದನ್ನು ತಾವು ಕೂರುವ ಸೋಫಾದ ಮೇಲಿಟ್ಟು ನುಡಿಸಿ, ತಾವು ಗೋಡೆಯ ಗುಂಟ ಅಂಬೆಗಾಲಿಡುತ್ತ ಹೋಗಬೇಕು. ಎಲ್ಲಿ ಮಂದ್ರ ಸಮನಾಗಿ, ಗುಂಯ್‌ಗುಟ್ಟದೆ ಕೇಳುತ್ತದೆಯೋ ಅದೇ ಅದರ ಸ್ಥಾನ. ಮನೆಯ ಮಕ್ಕಳಿಗೆ ಈ ಕೆಲಸ ವಹಿಸಿದರೆ ಸಂತೋಷದಿಂದ ಮಾಡುತ್ತಾರೆ.

2012ರಲ್ಲಿ ಬಂದ ಡಾಲ್ಬಿ ಆಟ್‌ಮೋಸ್ ಪದ್ಧತಿಯಲ್ಲಿ ಧ್ವನಿ ತಲೆಯ ಮೇಲಿನಿಂದಲೂ ಬರುತ್ತದೆ. ಮನೆಗಳಿಗಾಗಿ, ಧ್ವನಿಯನ್ನು ಚಾವಣಿಗೆ ಹೊಡೆದು ಕೆಳಗಿಳಿಸುವ ಪೆಟ್ಟಿಗೆಗಳನ್ನು ಮಾರುತ್ತಾರೆ. ಇದಕ್ಕೆ ಹನ್ನೆರಡು ಅಡಿಯೊಳಗಿನ ಸಮತಟ್ಟಾದ ಚಾವಣಿ ಇದ್ದರೆ ಚೆನ್ನು. ಕಾಕ್ಸ್ ಟೌನು, ಕುಕ್ ಟೌನುಗಳಲ್ಲಿ ಇನ್ನೂ ಉಳಿದಿರುವ ಹಳೆಯ ಬಂಗಲೆಗಳ ಇಳಿಜಾರು ಹೆಂಚಿನ ಮಾಡು ಆ ಧ್ವನಿಯನ್ನು ಎಲ್ಲಿಗೋ ಅಟ್ಟಿಬಿಡುತ್ತದೆ. ಅಂಥ ಮನೆಯವರು ಈ ಹೆಚ್ಚುವರಿ ಹಣವನ್ನು ಉಳಿಸಿಕೊಳ್ಳಬಹುದು.

ಅಂಗಡಿಯಲ್ಲಿ

ಅಂಗಡಿಯ ಪ್ರದರ್ಶನ ಕೋಣೆಗೆ ಮೆತ್ತೆ ಹೊದಿಸಿರುತ್ತಾರೆ. ಹೆಲಿಕಾಪ್ಟರು ಹಾರುವ, ಗಾಜು ಒಡೆಯುವ ದೃಶ್ಯವನ್ನೇ ಹಾಕಿ ತೋರಿಸುತ್ತಾರೆ. ಅದು ಮುಗಿದ ಮೇಲೆ ವಾರ್ತೆ ಓದುವುದನ್ನು ಕೇಳಿಸಿರೆಂದು ಕೇಳಿಕೊಳ್ಳಿ. ಒಂದು ಗಂಡುದನಿ, ಒಂದು ಹೆಣ್ಣುದನಿ. ಬಾಯಿಪಾಠವಾಗಿರುವ ಹಳೆಯ ಚಿತ್ರದ ಸಂಭಾಷಣೆ ಬೇಡ, ಅಲ್ಲಿ ಕಿವಿಯ ಬದಲು ನೆನಪೇ ಕೆಲಸ ಮಾಡುತ್ತದೆ. ಎರಡು ಯಂತ್ರಗಳನ್ನು ಹೋಲಿಸುವಾಗ ಧ್ವನಿಯ ಮಟ್ಟ ಸಮನಾಗಿರಬೇಕು. ತುಸು ಜೋರಾಗಿರುವುದೇ ಚೆನ್ನಾಗಿದೆಯೆಂದು ಎಲ್ಲರಿಗೂ ತೋರುವುದು ಸಹಜ, ಮಾರುವವರಿಗೂ ಅದು ತಿಳಿಯದ ವಿಷಯವಲ್ಲ. ಇವೆಲ್ಲಕ್ಕಿಂತ ಮುಖ್ಯವಾಗಿ ಮನೆಯ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ಕಣ್ಣು ಮುಚ್ಚಿ ಕೇಳಿ, ವಾರ್ತೆಯಲ್ಲಿ ಬಂದ ಊರುಗಳ ಹೆಸರನ್ನೂ ಸಂಖ್ಯೆಗಳನ್ನೂ ಹೇಳಲಿ. ಯಾವ ಯಂತ್ರದಲ್ಲಿ ಹೆಚ್ಚು ಸರಿಯಾಗಿ ಹೇಳಿದರೋ ಅದೇ ನಿಮ್ಮ ಮನೆಯ ಯಂತ್ರ.

ಯಾವ ಯಂತ್ರದಲ್ಲಿಯೂ ಅವರಿಗೆ ತಿಳಿಯಲಿಲ್ಲವೆಂದರೆ ಖರೀದಿಯನ್ನು ಮುಂದಕ್ಕೆ ಹಾಕಿ, ಆಸ್ಪತ್ರೆಯ ಕಿವಿ-ಮೂಗು-ಗಂಟಲಿನ ವಿಭಾಗದಲ್ಲಿ ಶ್ರವಣ ಪರೀಕ್ಷೆ ಮಾಡಿಸಬೇಕು. ಕಿವಿಗೆ ಯಂತ್ರ ಬೇಕಾಗಿರುವಲ್ಲಿ ಗೋಡೆಗೆ ಯಂತ್ರ ಹಾಕಿಸಿ ಫಲವಿಲ್ಲ. ಈ ಒಂದು ಪರೀಕ್ಷೆಯನ್ನು ವರ್ಷಗಟ್ಟಲೆ ಮುಂದೂಡುವ ಮನೆಗಳು ಎಷ್ಟೋ ಇವೆ.

ಜೋಡಿಸುವಾಗ

ನಡುವಿನ ಪೆಟ್ಟಿಗೆಯನ್ನು ಕಪಾಟಿನೊಳಕ್ಕೆ ತುರುಕಬಾರದು. ಟಿ.ವಿ.ಯ ಕೆಳಗೆ, ಮೇಜಿನ ಅಂಚಿಗೆ ಸರಿಯಾಗಿ, ಮೂತಿ ತುಸು ಮೇಲೆತ್ತಿ ಕುಳಿತವರ ಕಿವಿಯನ್ನು ನೋಡುವಂತಿರಬೇಕು. ಎಡಬಲದವು ಕುಳಿತವರಿಂದ ನೋಡಿದರೆ ನಡುಗೆರೆಯಿಂದ ಸುಮಾರು 30 ಡಿಗ್ರಿ ಓರೆಯಲ್ಲಿರಲಿ. ತಂತಿ ಅಪ್ಪಟ ತಾಮ್ರದ್ದೇ ಆಗಬೇಕು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದನ್ನು ತಾಮ್ರವೆಂದು ಮಾರುವುದುಂಟು, ತುದಿಯನ್ನು ಕೆರೆದು ನೋಡಿ ಕೊಳ್ಳಬೇಕು. ಚಿನ್ನದ ಬೆಲೆಯ ತಂತಿಯೂ ಬೇಡ, 16 ಗೇಜಿನದು ಚಿಕ್ಕ ಕೋಣೆಗೆ ಧಾರಾಳವಾಯಿತು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಪೆಟ್ಟಿಗೆಗೆ ಇದು ಅದಲುಬದಲಾದರೆ ಯಂತ್ರವೇನೂ ಕೆಡುವುದಿಲ್ಲ. ಆದರೆ ಮಂದ್ರ ಮಾಯವಾಗಿ, ನಡುವಿನ ದನಿ ಎತ್ತಲೋ ತೇಲಾಡುತ್ತದೆ. ಹಳೆಯ ಬಾಡಿಗೆ ಮನೆಗಳಲ್ಲಿ ಮೂರು ಕಡ್ಡಿಯ ಸಾಕೆಟ್ಟಿಗೆ ನಿಜವಾಗಿ ಭೂಸಂಪರ್ಕವಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸುವುದು ಯಂತ್ರಕ್ಕೂ ಮನುಷ್ಯರಿಗೂ ಕ್ಷೇಮ.

ಟಿ.ವಿ.ಗೆ ಎರಡೇ ಧ್ವನಿವರ್ಧಕಗಳನ್ನು ಸೇರಿಸಿರುವವರು ಚಿತ್ರದ ಧ್ವನಿಯನ್ನು ‘ಸ್ಟೀರಿಯೋ’ ಎಂದು ಆರಿಸಿಕೊಳ್ಳಲಿ. ಆರು ಚಾನಲುಗಳ ಧ್ವನಿಯನ್ನು ಯಂತ್ರ ತಾನಾಗಿ ಎರಡಕ್ಕೆ ಹಿಂಡುವಾಗ ಮಾತು ಕೆಳಗೆ ಬೀಳುವುದುಂಟು. ರಿಸೀವರು ಮತ್ತು ಸೌಂಡ್‌ಬಾರುಗಳಲ್ಲಿ ‘ನೈಟ್ ಮೋಡ್’ ಎಂಬುದೊಂದಿರುತ್ತದೆ. ಅದು ಅಬ್ಬರವನ್ನು ತಗ್ಗಿಸಿ ಪಿಸುಮಾತನ್ನು ಎತ್ತುತ್ತದೆ. ಹೆಸರು ರಾತ್ರಿಯದಾದರೂ ಹಿರಿಯರಿರುವ ಮನೆಯಲ್ಲಿ ಅದನ್ನು ಹಗಲೂ ಬಳಸಬಹುದು.

ರಾತ್ರಿಯ ವಿಚಾರ ಬಂದುದರಿಂದ ನೆರೆಯವರ ಮಾತನ್ನೂ ಹೇಳಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಗಳಿಗೆ ಗೊತ್ತುಪಡಿಸಿದ ಮಟ್ಟ ಹಗಲು 55 ಡೆಸಿಬಲ್. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ಮಾತಿನ ದನಿಯನ್ನು ಒಂದು ಇಟ್ಟಿಗೆ ಗೋಡೆ ಸಾಕಷ್ಟು ತಡೆಯುತ್ತದೆ, ಮಂದ್ರವನ್ನು ತಡೆಯಲಾರದು. ಕೆ.ಆರ್. ಪುರದ ತೂಗುಸೇತುವೆಯ ಆಚೆಗೆ ಸಾಲುಸಾಲಾಗಿ ಎದ್ದಿರುವ ವಸತಿ ಸಮುಚ್ಚಯಗಳಲ್ಲಿ ಒಬ್ಬರ ನೆಲ ಮತ್ತೊಬ್ಬರ ಚಾವಣಿ. ಸಬ್‌ವೂಫರಿನ ಕಾಲುಗಳ ಕೆಳಗೆ ದಪ್ಪ ರಬ್ಬರಿನ ತುಂಡುಗಳನ್ನಿಟ್ಟರೆ ಸ್ವಲ್ಪ ಮಟ್ಟಿಗೆ ಅನುಕೂಲ. ಯಂತ್ರ ಕೂರಿಸಿದ ಮೊದಲ ವಾರದಲ್ಲಿಯೇ, ಮನೆಯವರೊಬ್ಬರು ಚಿತ್ರ ಹಾಕಿರುವಾಗ ಕೆಳಮನೆಗೆ ಹೋಗಿ ನಿಂತು ಕೇಳಿ ಬನ್ನಿ. ಅವರ ಅಟ್ಟದ ಮೇಲಿನ ಪಾತ್ರೆಗಳು ಸದ್ದು ಮಾಡುತ್ತಿದ್ದರೆ ಮಂದ್ರದ ಗುಂಡಿಯನ್ನು ಎರಡು ಗೆರೆ ಇಳಿಸಿಬಿಡಿ.